ರೆಪ್ಪೆಗೆ ಮಡಿಕೆ ಮಾಡಿಸಿಕೊಂಡವರೇ, ಕಣ್ಣು ಮುಚ್ಚಿದಾಗ ಕಲೆ ಎಷ್ಟು ಕಾಣುತ್ತದೆ?

ಪ್ರಶ್ನೆ: ಕಣ್ಣು ತೆರೆದಾಗ ಬೀಳುವ ಮಡಿಕೆ ನನ್ನ ಮೇಲ್ರೆಪ್ಪೆಗಳಲ್ಲಿ ಇಲ್ಲ, ಶಸ್ತ್ರಚಿಕಿತ್ಸೆಯಿಂದ ಮಾಡಿಸಿಕೊಳ್ಳಬೇಕೆಂದಿದ್ದೇನೆ. ಬರೀ ಹೊಲಿಗೆ ಸಾಕು, ಕಲೆಯೇ ಬೀಳುವುದಿಲ್ಲ ಎಂದು ಒಬ್ಬ ವೈದ್ಯರು ಹೇಳಿದರು. ಪೂರ್ತಿ ಕೊಯ್ದರೆ ಮಾತ್ರ ಮಡಿಕೆ ನಿಲ್ಲುತ್ತದೆ ಎನ್ನುವುದು ಇನ್ನೊಬ್ಬರ ಮಾತು. ಮಾಡಿಸಿಕೊಂಡವರು ಇದ್ದದ್ದನ್ನು ಇದ್ದ ಹಾಗೆ ಹೇಳುವಿರಾ?

ಹೊಲಿಗೆ ಹಾಕಿಸಿಕೊಂಡವರು: ಚರ್ಮದಲ್ಲಿ ಸೂಜಿ ತೂರುವಷ್ಟು ಸಣ್ಣ ರಂಧ್ರಗಳನ್ನು ಮಾಡಿ, ತೆಳುವಾದ ನೈಲಾನ್ ದಾರದಿಂದ ಚರ್ಮವನ್ನು ಒಳಪದರಕ್ಕೆ ಬಿಗಿದು, ಗಂಟನ್ನು ಒಳಗೇ ಹುದುಗಿಸಿದರು. ಬಾವು ಬೇಗ ಇಳಿಯಿತು. ಕಲೆ ಎಂದು ತೋರಿಸಲು ನನ್ನಲ್ಲಿ ಏನೂ ಇಲ್ಲ. ಆದರೆ ಕೆಳಗೆ ನೋಡಿದರೆ ಎಡರೆಪ್ಪೆಯಲ್ಲಿ ಗಂಟು ಸಾಸಿವೆ ಕಾಳಿನಂತೆ ಉಬ್ಬಿ ಕಾಣುತ್ತದೆ, ಅದೇ ಕಡೆಯ ಮಡಿಕೆ ಈಗ ಸಡಿಲವಾಗುತ್ತಿದೆ. ಇದನ್ನು ಹೊಸ ತಂತ್ರವೆಂದು ಮಾರುವವರನ್ನು ನಂಬಬೇಡಿ. ಜಪಾನಿನ ಮಿಕಾಮೊ ಎಂಬ ವೈದ್ಯರು 1896ರಲ್ಲೇ ಹೊಲಿಗೆಯಿಂದ ಮಡಿಕೆ ಮೂಡಿಸುವುದನ್ನು ವರದಿ ಮಾಡಿದ್ದರು. ಅವರು ರೇಷ್ಮೆ ದಾರ ಹಾಕಿ, ಕೆಲವು ದಿನಗಳ ಬಳಿಕ ತೆಗೆಯುತ್ತಿದ್ದರು.

ಪೂರ್ತಿ ಕೊಯ್ಸಿಕೊಂಡವರು: ಮೇಲಿನವರ ಅನುಭವವನ್ನು ಅಲ್ಲಗಳೆಯುವುದಿಲ್ಲ. ಆದರೆ ಕೊಯ್ದರೆ ಕಲೆ, ಹೊಲಿದರೆ ಇಲ್ಲ ಎಂಬ ಲೆಕ್ಕಾಚಾರಕ್ಕೆ ನನ್ನ ತಕರಾರಿದೆ.

ರೆಪ್ಪೆಯನ್ನು ಎತ್ತುವ ಸ್ನಾಯುವಿನ ಎಳೆಗಳು ಚರ್ಮಕ್ಕೆ ಅಂಟಿಕೊಂಡಿದ್ದರೆ ಕಣ್ಣು ತೆರೆದಾಗ ಮಡಿಕೆ ಬೀಳುತ್ತದೆ. ಮಡಿಕೆಯಿಲ್ಲದ ರೆಪ್ಪೆಯಲ್ಲಿ ಆ ಅಂಟು ಇರುವುದಿಲ್ಲ ಅಥವಾ ದುರ್ಬಲವಾಗಿರುತ್ತದೆ. ಜೊತೆಗೆ ಕೊಬ್ಬು ರೆಪ್ಪೆಗೂದಲಿನ ಹತ್ತಿರದವರೆಗೂ ಇಳಿದಿರುವುದುಂಟು. ನನ್ನ ಹಾಗೆ ದಪ್ಪ ರೆಪ್ಪೆಯವರಿಗೆ, ಚರ್ಮ ಜೋತುಬಿದ್ದವರಿಗೆ ಬರೀ ದಾರ ಎಷ್ಟು ದಿನ ತಡೆದೀತು? ಕೊಯ್ದರೆ ಹೆಚ್ಚುವರಿ ಚರ್ಮವನ್ನೂ ಕೊಬ್ಬನ್ನೂ ಸ್ವಲ್ಪ ತೆಗೆಯಲು ಸಾಧ್ಯ.

ಇನ್ನು ಕಲೆ. ಇಡೀ ದೇಹದಲ್ಲೇ ಅತಿ ತೆಳುವಾದ ಚರ್ಮ ರೆಪ್ಪೆಯದು. ಅಲ್ಲಿ ಗಾಯ ಚೆನ್ನಾಗಿ ಮಾಯುತ್ತದೆ, ಕೀಲಾಯ್ಡ್ (ಗಾಯದ ಗುರುತು ಮೀರಿ ಉಬ್ಬಿ ಬೆಳೆಯುವ ಗಟ್ಟಿ ಕಲೆ) ಬೆಳೆಯುವುದು ಅಪರೂಪ. ಹೊಲಿಗೆ ಬಿಚ್ಚಿದ ಮೊದಲ ತಿಂಗಳುಗಳಲ್ಲಿ ಗೆರೆ ಕೆಂಪಾಗಿ, ಮುಟ್ಟಿದರೆ ಗಟ್ಟಿಯಾಗಿತ್ತು. ಕನ್ನಡಿಯ ಮುಂದೆ ಬೈದುಕೊಂಡಿದ್ದೂ ಉಂಟು. ವರ್ಷ ಕಳೆಯುವ ಹೊತ್ತಿಗೆ ಅದು ಮಸುಕಾಯಿತು. ಈಗ ಹುಡುಕಿದರೆ ಮಾತ್ರ ಕಾಣುತ್ತದೆ.

ಕಣ್ಣು ಮುಚ್ಚಿದಾಗ ಎದುರಿನವರಿಗೆ ಎದ್ದು ಕಾಣುವುದು ಗೆರೆಗಿಂತ ಹೆಚ್ಚಾಗಿ ತಗ್ಗು. ಒಳಗಿನ ಸ್ನಾಯು, ಕೊಬ್ಬುಗಳನ್ನು ಅತಿಯಾಗಿ ತೆಗೆದು ಚರ್ಮವನ್ನು ಬಿಗಿಯಾಗಿ ಕಟ್ಟಿದರೆ, ರೆಪ್ಪೆ ಇಳಿದಾಗಲೂ ಆ ಜಾಗ ಒಳಕ್ಕೆ ಎಳೆದುಕೊಂಡೇ ಇರುತ್ತದೆ. ದಾರವನ್ನು ತೀರ ಬಿಗಿದರೆ ಹೊಲಿಗೆಯಲ್ಲೂ ತಗ್ಗು ಬೀಳಬಹುದು. ಎತ್ತರವೂ ಮುಖ್ಯ. ಸಾಮಾನ್ಯವಾಗಿ ರೆಪ್ಪೆಗೂದಲಿನಿಂದ 6ರಿಂದ 8 ಮಿಲಿಮೀಟರ್ ಮೇಲೆ ಗೆರೆ ಗುರುತಿಸುತ್ತಾರೆ. ದೊಡ್ಡ ಮಡಿಕೆಯ ಆಸೆಗೆ ಮೇಲೇರಿಸುತ್ತ ಹೋದರೆ ಹುಬ್ಬಿನ ಕಡೆಯ ದಪ್ಪ ಚರ್ಮ ಸಿಗುತ್ತದೆ, ಅಲ್ಲಿನ ಕಲೆ ಮರೆಯಾಗುವುದಿಲ್ಲ. ಆದ್ದರಿಂದ ಕೊಯ್ತ ಎಷ್ಟು ಉದ್ದ ಎಂದಷ್ಟೇ ಕೇಳಬೇಡಿ. ಎಷ್ಟು ಎತ್ತರದಲ್ಲಿ, ಒಳಗಿನಿಂದ ಏನೇನು ತೆಗೆಯುತ್ತೀರಿ ಎಂದೂ ಕೇಳಿ. ವರ್ಷ ತುಂಬಿದವರ ಫೋಟೋಗಳನ್ನು ಕಣ್ಣು ಮುಚ್ಚಿದ ಸ್ಥಿತಿಯಲ್ಲೇ ತೋರಿಸಲು ಹೇಳಿ. ಅರಳಿದ ಕಣ್ಣಿನ ಫೋಟೋವನ್ನು ಎಲ್ಲರೂ ತೋರಿಸುತ್ತಾರೆ!

ಒಳಮೂಲೆಯನ್ನೂ ತೆರೆಸಿಕೊಂಡವರು: ಮಡಿಕೆಯ ಜೊತೆಗೆ ಮೂಗಿನ ಬದಿಯ ಚರ್ಮದ ಪದರವನ್ನೂ ಸರಿಪಡಿಸೋಣ ಎಂದರೆ ನಿಧಾನವಾಗಿ ಯೋಚಿಸಿ. ಮಡಿಕೆಯ ಗೆರೆ ಮಡಿಕೆಯೊಳಗೆ ಅಡಗುತ್ತದೆ, ಮೂಲೆಯ ಕಲೆಗೆ ಅಡಗಲು ಜಾಗವೇ ಇಲ್ಲ. ನನ್ನದು ಇನ್ನೂ ಕೆಂಪಾಗಿದೆ. ಮೇಕಪ್ ಹಚ್ಚಿದರೂ ಹತ್ತಿರದಿಂದ ಗೊತ್ತಾಗುತ್ತದೆ.

ಎರಡನೇ ಬಾರಿ ಸರಿಪಡಿಸಿಕೊಂಡವರು: ಮೊದಲ ಸಲ ಮಡಿಕೆ ತೀರ ಎತ್ತರವಾಗಿತ್ತು. ಕೂಡಲೇ ಸರಿಮಾಡಿ ಎಂದು ಹಟ ಹಿಡಿದೆ. ಗಾಯ ಮೆದುವಾಗಲು ಕನಿಷ್ಠ ಆರು ತಿಂಗಳು ಬೇಕೆಂದು ಹೊಸ ವೈದ್ಯರು ಕಾಯಿಸಿದರು. ಎತ್ತರದ ಮಡಿಕೆಯನ್ನು ಇಳಿಸುವುದು, ಕೆಳಗಿರುವ ಮಡಿಕೆಯನ್ನು ಏರಿಸುವುದಕ್ಕಿಂತ ಬಹಳ ಕಷ್ಟ. ಚರ್ಮವನ್ನು ಹೆಚ್ಚು ತೆಗೆದುಬಿಟ್ಟಿದ್ದರೆ ಕಣ್ಣು ಪೂರ್ತಿ ಮುಚ್ಚದೆ ಒಣಗುವ ತೊಂದರೆಯೂ ಬರಬಹುದು. ಮೂರು ಕಡೆ ಸಣ್ಣದಾಗಿ ಕೊಯ್ಯುವ ನಡುವಿನ ವಿಧಾನವೊಂದಿದೆ, ಅದನ್ನೂ ವಿಚಾರಿಸಿ ನೋಡಿ. ಇನ್ನೊಂದು ಮಾತು: ಕೆಲವರ ರೆಪ್ಪೆ ಭಾರವಾಗಿ ಕಾಣಲು ಎತ್ತುವ ಸ್ನಾಯು ದುರ್ಬಲವಾಗಿರುವುದು ಕಾರಣ. ಹಾಗಿದ್ದರೆ ಮಡಿಕೆಯೊಂದರಿಂದ ಕಣ್ಣು ಅರಳದು, ಸ್ನಾಯುವನ್ನೂ ಬಿಗಿಗೊಳಿಸಬೇಕಾಗುತ್ತದೆ. ವಿಧಾನ ಆರಿಸುವ ಮೊದಲೇ ಆ ಸ್ನಾಯುವಿನ ಪರೀಕ್ಷೆ ಮಾಡಿಸಿಕೊಳ್ಳಿ.