ನೀರಿನ ಬಿಲ್ಲಿನಲ್ಲಿ ಮಳೆನೀರು ಕೊಯ್ಲಿನ ದಂಡ: ಸಿವಿಲ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನಲ್ಲಿ 40×60 ಅಡಿಯ ನಿವೇಶನದಲ್ಲಿ 2003ರಲ್ಲಿ ಕಟ್ಟಿಸಿದ ಮನೆ ನಮ್ಮದು. ನೀರಿನ ಬಿಲ್ಲಿನಲ್ಲಿ ಮಳೆನೀರು ಕೊಯ್ಲಿನ ದಂಡವೆಂದು ಪ್ರತಿ ತಿಂಗಳೂ ಅರ್ಧದಷ್ಟು ಹೆಚ್ಚುವರಿ ಮೊತ್ತ ಸೇರಿ ಬರುತ್ತಿದೆ. ಇಷ್ಟು ಹಳೆಯ ಮನೆಗೂ ಈ ನಿಯಮ ಅನ್ವಯಿಸುತ್ತದೆಯೇ? ತಾರಸಿಯ ಪೈಪನ್ನು ಪ್ಲಂಬರ್ ಒಬ್ಬರು ಅಂಗಳದ ಚೇಂಬರಿಗೆ ಸೇರಿಸಿಕೊಟ್ಟಿದ್ದಾರೆ. ಅಷ್ಟು ಸಾಲದೇ?

ಉತ್ತರ: ನಮಸ್ಕಾರ. ಅನ್ವಯಿಸುತ್ತದೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ, 1,200 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ವಾಸದ ಮನೆಗಳಿಗೆ ಮೊದಲ ಮೂರು ತಿಂಗಳು ಬಿಲ್ಲಿನ ಶೇ. 25, ಆನಂತರ ಶೇ. 50 ದಂಡ ಬೀಳುತ್ತದೆ. ನೀವು ಎರಡನೆಯ ಹಂತದಲ್ಲಿದ್ದೀರಿ.

ಚೇಂಬರಿನ ವಿಷಯ ದಂಡಕ್ಕಿಂತ ಗಂಭೀರವಾದದ್ದು. ಅದು ಒಳಚರಂಡಿಯ ಚೇಂಬರ್ ಆಗಿದ್ದರೆ ದಯವಿಟ್ಟು ಈ ವಾರವೇ ಪೈಪನ್ನು ಬಿಡಿಸಿ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎಂಬುದು ನಮ್ಮ ಲೆಕ್ಕ. ನಿಮ್ಮ ತಾರಸಿ ಸುಮಾರು 140 ಚದರ ಮೀಟರ್ ಎಂದಿಟ್ಟುಕೊಂಡರೆ, ಸಂಜೆಯ ಒಂದೇ ಮಳೆಯಲ್ಲಿ 50 ಮಿಲಿಮೀಟರ್ ಸುರಿದಾಗ 7,000 ಲೀಟರ್, ಅಂದರೆ ಒಂದು ಟ್ಯಾಂಕರಿಗಿಂತ ಹೆಚ್ಚು ನೀರು, ಸ್ನಾನ ಮತ್ತು ಶೌಚದ ನೀರಿಗಾಗಿ ಹಾಕಿದ ಕೊಳವೆಗೆ ನುಗ್ಗುತ್ತದೆ. ಬೀದಿಯಲ್ಲಿ ಹತ್ತು ಮನೆಯವರು ಹೀಗೆ ಮಾಡಿದರೆ ತಗ್ಗಿನಲ್ಲಿರುವ ಮ್ಯಾನ್‌ಹೋಲ್ ಉಕ್ಕಿ, ಅಲ್ಲಿಯ ಮನೆಯವರ ಬಚ್ಚಲಿನೊಳಗೇ ಮಲಿನ ನೀರು ಬರುತ್ತದೆ.

ನಿಯಮವು ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಗಾರೆ ಅಥವಾ ಕಲ್ಲು ಹಾಸಿದ ಅಂಗಳದ ಪ್ರತಿ ಚದರ ಮೀಟರಿಗೆ 30 ಲೀಟರ್ ನೀರನ್ನು ಸಂಗ್ರಹಿಸುವ ಅಥವಾ ಇಂಗಿಸುವ ವ್ಯವಸ್ಥೆಯನ್ನು ಕೇಳುತ್ತದೆ. ನಿಮಗೆ ಒಟ್ಟು ಹತ್ತು ಸಾವಿರ ಲೀಟರಿನಷ್ಟು ಬೇಕಾಗಬಹುದು. ಮೊದಲ ಎರಡು ಮೂರು ಮಿಲಿಮೀಟರ್ ಮಳೆಯ ಕೊಳೆನೀರು ಹೊರಹೋಗುವಂತೆ ಪೈಪಿಗೆ ಒಂದು ವಾಲ್ವ್, ಅನಂತರ ಫಿಲ್ಟರ್, ಆಮೇಲೆ ಕಾವೇರಿ ನೀರಿನ ಸಂಪಿಗೆ ಬೆರೆಯದ ಪ್ರತ್ಯೇಕ ಸಂಪು, ಅದು ತುಂಬಿದ ಮೇಲೆ ಸಿಮೆಂಟ್ ರಿಂಗ್ ಇಳಿಸಿದ ಮೂರಡಿ ಅಗಲದ ಇಂಗುಬಾವಿ, ಈ ಕ್ರಮದಲ್ಲಿ ಮಾಡಿಸಿ. ಇಂಗುಬಾವಿಯ ತಳಕ್ಕೆ ಕಾಂಕ್ರೀಟ್ ಹಾಕಿಬಿಡುವ ಮೇಸ್ತ್ರಿಗಳನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದರೆ ನೀರು ಕೆಳಗೆ ಇಂಗುವುದಿಲ್ಲ. ತಳದ ಕೆಲಸ ನಡೆಯುವ ದಿನ ಸ್ಥಳದಲ್ಲಿಯೇ ಇರಿ. ಕೆಲಸ ಮುಗಿದ ಮೇಲೆ ನಿಮ್ಮ ಭಾಗದ ಜಲಮಂಡಳಿ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ಥಳ ಪರಿಶೀಲನೆ ಕೇಳಿಕೊಳ್ಳಿ. ಮಾದರಿಗಳನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರದಲ್ಲಿ ಮಳೆನೀರು ಕೊಯ್ಲಿನ ಥೀಮ್ ಪಾರ್ಕ್ ಇದೆ.

ಇನ್ನೊಬ್ಬ ಮಹಿಳೆಯ ಪ್ರಶ್ನೆ: ಸರ್, ದಂಡವೇನೋ ಸರಿ, ಆದರೆ ಮಾಡಿಸಿದವರಿಗೆ ಉತ್ತೇಜನ ಬೇಡವೇ? ಹೊರದೇಶಗಳಲ್ಲಿ ಹೇಗಿದೆ?

ಉತ್ತರ: ಒಳ್ಳೆಯ ಪ್ರಶ್ನೆ, ಮೇಡಂ. ನಮ್ಮ ದಂಡದಲ್ಲಿ ನನಗೆ ಕಾಣುವ ಕೊರತೆಯೂ ಅಲ್ಲಿಯೇ ಇದೆ. ದಂಡ ನಿಂತಿರುವುದು ನೀರಿನ ಬಿಲ್ಲಿನ ಮೇಲೆ. ಬೀದಿಗೆ ಎಷ್ಟು ಮಳೆನೀರನ್ನು ಬಿಡುತ್ತೀರಿ ಎಂಬುದರ ಮೇಲೆ ಅಲ್ಲ. ಆದ್ದರಿಂದ ಕೊಳವೆಬಾವಿಯನ್ನೇ ನೆಚ್ಚಿಕೊಂಡು, ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿದವರಿಗೆ ಬಿಲ್ಲೂ ಚಿಕ್ಕದು, ದಂಡವೂ ಚಿಕ್ಕದು. ಅಮೆರಿಕದ ಫಿಲಡೆಲ್ಫಿಯಾದಲ್ಲಿಯೂ ಬೀದಿಗೆ ಹರಿಯುವ ಮಳೆನೀರಿನ ಶುಲ್ಕಕ್ಕೆ ಹಿಂದೆ ನೀರಿನ ಮೀಟರಿನ ಲೆಕ್ಕವೇ ಇತ್ತು. ನೀರಿನ ಸಂಪರ್ಕವೇ ಇಲ್ಲದ ದೊಡ್ಡ ಪಾರ್ಕಿಂಗ್ ಜಾಗಗಳು ಆಗ ಏನೂ ಕೊಡುತ್ತಿರಲಿಲ್ಲ. 2010ರಿಂದ ಅಲ್ಲಿ ವಾಣಿಜ್ಯ ಆಸ್ತಿಗಳಿಗೆ ಜಾಗದ ವಿಸ್ತೀರ್ಣ ಮತ್ತು ನೀರು ಇಂಗದ ನೆಲದ ವಿಸ್ತೀರ್ಣ ನೋಡಿ ಶುಲ್ಕ ಹಾಕುವ ಪದ್ಧತಿ ಹಂತಹಂತವಾಗಿ ಬಂದಿತು. ಮಳೆಯ ಮೊದಲ ಒಂದು ಇಂಚನ್ನು ತಮ್ಮ ಜಾಗದಲ್ಲಿಯೇ ನಿಭಾಯಿಸಿದವರಿಗೆ ಅದರಲ್ಲಿ ರಿಯಾಯಿತಿ ಸಿಗುತ್ತದೆ. ಇಲ್ಲಿ ಸದ್ಯಕ್ಕೆ ನಿಮ್ಮ ಲಾಭವೆಂದರೆ ದಂಡ ತಪ್ಪುವುದು ಮತ್ತು ಮಳೆಗಾಲದಲ್ಲಿ ಟ್ಯಾಂಕರ್ ಖರ್ಚು ಇಳಿಯುವುದು.

ಮರುಪ್ರಶ್ನೆ: ಅಂಗಳಕ್ಕೆ ಪೇವರ್ ಬ್ಲಾಕ್ ಹಾಕಿಸಿದ್ದೇವೆ. ಅಲ್ಲಿ ನೀರು ಇಂಗುತ್ತದಲ್ಲವೇ?

ಉತ್ತರ: ಅದು ಕೆಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಜಲ್ಲಿ ಮತ್ತು ಮರಳಿನ ಮೇಲೆ ಕೂರಿಸಿ ಸಂದುಗಳನ್ನು ಬಿಟ್ಟಿದ್ದರೆ ಸ್ವಲ್ಪಮಟ್ಟಿಗೆ ಇಂಗುತ್ತದೆ. ಕಾಂಕ್ರೀಟ್ ಮೇಲೆ ಕೂರಿಸಿ ಸಂದಿಗೆ ಸಿಮೆಂಟ್ ತುಂಬಿದ್ದರೆ ಅದು ತಾರಸಿಗೆ ಸಮ. ಒಂದು ಬಕೆಟ್ ನೀರನ್ನು ಒಂದೇ ಕಡೆ ಸುರಿದು ನೋಡಿ. ಅಷ್ಟೂ ನೀರು ಗೇಟಿನ ಕಡೆಗೆ ಹರಿದರೆ, ಗೇಟಿನ ಒಳಗೆ ಅಡ್ಡಲಾಗಿ ಜಾಲರಿ ಮುಚ್ಚಿದ ಕಾಲುವೆ ತೆಗೆಸಿ, ಆ ನೀರನ್ನು ಹೂಳು ಸೋಸಿ ಇಂಗುಬಾವಿಗೆ ತಿರುಗಿಸಿ.