ಹೊಸ .32 ಪಿಸ್ತೂಲು: ಬಿಚ್ಚಿ ಕ್ಲೀನ್ ಮಾಡುವುದು, ಮತ್ತೆ ಜೋಡಿಸುವುದು

ಕೋಡಿಬಾಗದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಕೋಡಿಬಾಗದವನು. ಮೀನಿನ ಸಗಟು ವ್ಯಾಪಾರ. ಬೈತಕೋಲ್ ಬಂದರಿಗೆ ನಸುಕಿನಲ್ಲೇ ಹೋಗಬೇಕು, ಕೈಯಲ್ಲಿ ನಗದು ಇರುತ್ತದೆ. ಆತ್ಮರಕ್ಷಣೆಗೆಂದು ಲೈಸೆನ್ಸಿಗೆ ಅರ್ಜಿ ಹಾಕಿದ್ದೆ. ಪೊಲೀಸ್ ವಿಚಾರಣೆ, ತರಬೇತಿ ಸರ್ಟಿಫಿಕೇಟು ಎಲ್ಲ ಮುಗಿದು ಈಗ ಮಂಜೂರಾಗಿದೆ. ಸಣ್ಣ .32 ಪಿಸ್ತೂಲು ತೆಗೆದುಕೊಂಡಿದ್ದೇನೆ. ಟ್ರಿಗರ್ ಗಾರ್ಡನ್ನು (ಟ್ರಿಗರಿನ ಸುತ್ತಲಿನ ಬಳೆ) ಕೆಳಕ್ಕೆ ಎಳೆದು ಸ್ಲೈಡ್ (ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ತೆಗೆಯುವ ಹಳೆಯ ಜರ್ಮನ್ ಮಾದರಿಯದ್ದು.

ಅಂಗಡಿಯವರು ಬಿಚ್ಚಿ ಜೋಡಿಸಿ ತೋರಿಸಿದರು. ಆದರೆ ಅವರ ಕೈ ಓಡುವ ವೇಗಕ್ಕೆ ನನ್ನ ಕಣ್ಣು ಓಡಲಿಲ್ಲ. ಜೊತೆಗೆ ಬಂದ ಪುಸ್ತಕದಲ್ಲಿ ಚಿತ್ರಗಳು ಬೆರಳಿನ ಉಗುರಿನಷ್ಟು ಸಣ್ಣ. ಒಳಗೆಲ್ಲ ಪ್ಯಾಕಿಂಗಿನ ದಪ್ಪ ಎಣ್ಣೆ ಇದೆ. ಅದನ್ನು ತೆಗೆಯದೆ ರೇಂಜಿಗೆ ಒಯ್ಯಬಾರದು ಅಂತ ಹೇಳಿದ್ದಾರೆ.

ನನಗೆ ತಿಳಿಯಬೇಕಾದ್ದು ಇಷ್ಟು. ಸ್ಲೈಡ್ ಸುಲಭವಾಗಿ ಹೊರಗೆ ಬರುತ್ತದೆ, ವಾಪಸ್ ಹಾಕುವಾಗ ಸ್ಪ್ರಿಂಗ್ ವಾರೆಯಾಗುತ್ತದೆ, ಟ್ರಿಗರ್ ಗಾರ್ಡ್ ನಡುವೆಯೇ ಪಟ್ಟನೆ ಮೇಲೆ ಕೂರುತ್ತದೆ. ಇದಕ್ಕೆ ಕ್ರಮ ಏನು? ಇನ್ನೊಂದು, ನಮ್ಮ ಮನೆಗೆ ಕಡಲಗಾಳಿ ನೇರ ಬಡಿಯುತ್ತದೆ. ಕಿಟಕಿಯ ಸರಳು ಎರಡು ಮಳೆಗಾಲ ತಡೆಯುವುದಿಲ್ಲ. ಇಲ್ಲಿ ಎಷ್ಟು ದಿನಕ್ಕೊಮ್ಮೆ ಒರೆಸಬೇಕು, ಯಾವ ಎಣ್ಣೆ ಹಾಕಬೇಕು?

ಮನೆಯಲ್ಲಿ ಎಂಟನೇ ಕ್ಲಾಸಿನ ಮಗ ಇದ್ದಾನೆ. ಅರೆಬರೆ ಕಲಿತು ಈ ಕೆಲಸ ಮಾಡಲು ನನಗೆ ಮನಸ್ಸಿಲ್ಲ. ತಿಳಿದವರು ಬಿಡಿಸಿ ಹೇಳಿ.

ಹೊನ್ನಾವರ ಹುಡುಗ:

ಅಣ್ಣಾ, ಎಣ್ಣೆಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ನಮ್ಮ ಅಜ್ಜ ಬೆಳೆ ರಕ್ಷಣೆ ಬಂದೂಕಿಗೆ ಜೀವಮಾನವೆಲ್ಲ ತೆಂಗಿನೆಣ್ಣೆಯನ್ನೇ ಹಚ್ಚಿದ್ದು. ಮನೆಯಲ್ಲೇ ಸಿಗುತ್ತದೆ. ಏನೂ ಆಗಿಲ್ಲ.

ಸಿರ್ಸಿ ತೋಟಿಗ:

ಅಜ್ಜನ ಕಾಲದ ಕೇಪಿನ ಬಂದೂಕಿಗೆ ನಡೆಯುತ್ತಿತ್ತು ಮಾರಾಯ್ರೆ. ಅದರಲ್ಲಿ ಸರಿದಾಡುವ ಭಾಗವೇ ಕಡಿಮೆ. ಪಿಸ್ತೂಲಿಗೆ ಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಹೆಪ್ಪುಗಟ್ಟುತ್ತದೆ. ಕರಾವಳಿಯಲ್ಲಿ ನಿಮಗೆ ಅದು ಅಷ್ಟು ಕಾಣಲಿಕ್ಕಿಲ್ಲ. ಘಟ್ಟ ಹತ್ತಿ ಡಿಸೆಂಬರಿನಲ್ಲಿ ನಮ್ಮಲ್ಲಿಗೆ ಬನ್ನಿ, ಬೆಳಿಗ್ಗೆ ಬಾಟಲಿಯನ್ನು ಬಿಸಿಲಿಗೆ ಇಡದೆ ತಲೆಗೆ ಎಣ್ಣೆ ಸಿಗುವುದಿಲ್ಲ. ಸ್ಲೈಡ್ ಓಡುವ ತೋಡಿನಲ್ಲಿ ಅದೇ ಗಟ್ಟಿಯಾದರೆ? ಹೆಪ್ಪುಗಟ್ಟದಿದ್ದರೂ ತಿಂಗಳುಗಟ್ಟಲೆ ಬಿಟ್ಟರೆ ಅಂಟು ಅಂಟಾಗಿ ಧೂಳು ಹಿಡಿಯುತ್ತದೆ.

ನನ್ನ ಹತ್ತಿರ ಇರುವುದು 12 ಬೋರಿನ ಜೋಡಿ ನಳಿಗೆ. ಅಡಿಕೆ ತೋಟಕ್ಕೆ ಮಂಗ, ಹಂದಿ ಬರುತ್ತವೆ ಅಂತ ಲೈಸೆನ್ಸು. ಅದನ್ನು ಮಡಚಿ ನಳಿಗೆ ತೆಗೆದರೆ ಆಯಿತು, ಆ ಕಡೆಯಿಂದ ಈ ಕಡೆಗೆ ಬೆಳಕು ಕಾಣುತ್ತದೆ. ಪಿಸ್ತೂಲು ಹಾಗಲ್ಲ, ಗುಂಡು ಒಳಗಿದ್ದರೂ ಹೊರಗೆ ತಿಳಿಯುವುದಿಲ್ಲ. ಬಿಣಗಾದ ಹಿರಿಯರು ಇಲ್ಲಿ ಬರುತ್ತಾರಲ್ಲ, ಅವರು ಹೇಳಲಿ.

ಬಿಣಗಾ ನಿವೃತ್ತ:

ಕೋಡಿಬಾಗದ ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ನೌಕಾಪಡೆಯಲ್ಲಿ ಶಸ್ತ್ರಗಳ ದುರಸ್ತಿ ವಿಭಾಗದಲ್ಲಿ ಇದ್ದವನು. ನಮ್ಮ ಕೈಗೆ ಬರುತ್ತಿದ್ದದ್ದು 9 ಎಂಎಂ 1ಎ ಪಿಸ್ತೂಲು. ಬ್ರೌನಿಂಗ್ ಹೈಪವರ್ ಮಾದರಿ, ಇಶಾಪುರದಲ್ಲಿ ತಯಾರಾದದ್ದು. ಆ ಬೋರು (ನಳಿಗೆಯ ಅಳತೆ) ಸಾಮಾನ್ಯ ನಾಗರಿಕರಿಗೆ ನಿಷಿದ್ಧ, ಹಾಗಾಗಿ ನಿಮಗೆ .32. ಎರಡಕ್ಕೂ ಒಳಗಿನ ಏರ್ಪಾಡೇ ಬೇರೆ. ಯೂಟ್ಯೂಬಿನಲ್ಲಿ ಯಾವುದೋ ಪಿಸ್ತೂಲಿನ ವಿಡಿಯೋ ನೋಡಿಕೊಂಡು ನಿಮ್ಮದನ್ನು ಬಿಚ್ಚಬೇಡಿ.

9 ಎಂಎಂನಲ್ಲಿ ಗುಂಡಿನ ಒತ್ತಡ ಜಾಸ್ತಿ. ಆದ್ದರಿಂದ ಬ್ಯಾರಲ್ಲು, ಅಂದರೆ ನಳಿಗೆ, ಸ್ಲೈಡಿಗೆ ಕಚ್ಚಿಕೊಂಡು ಸ್ವಲ್ಪ ದೂರ ಜೊತೆಗೇ ಹಿಂದೆ ಬಂದು, ಆಮೇಲೆ ಬಾಗಿ ಬಿಡಿಸಿಕೊಳ್ಳುತ್ತದೆ. ಬಿಚ್ಚಿದರೆ ಬ್ಯಾರಲ್ಲೂ ಕೈಗೆ ಬರುತ್ತದೆ. ನಿಮ್ಮದರಲ್ಲಿ ಬ್ಯಾರಲ್ಲು ಫ್ರೇಮಿನಲ್ಲೇ, ಅಂದರೆ ಹಿಡಿಯಿರುವ ಕೆಳಭಾಗದಲ್ಲೇ, ಗಟ್ಟಿಯಾಗಿ ಕೂತಿರುತ್ತದೆ. ಸ್ಲೈಡಿನ ತೂಕ, ಸ್ಪ್ರಿಂಗಿನ ಬಿಗಿ, ಇವೆರಡೇ ಗುಂಡಿನ ಒದೆತವನ್ನು ತಡೆಯುವುದು. ಅದಕ್ಕೇ ಸಣ್ಣ ಪಿಸ್ತೂಲಾದರೂ ಸ್ಪ್ರಿಂಗ್ ಅಷ್ಟು ಬಿಗಿ. ನಿಮ್ಮ ಕೈಯಲ್ಲಿ ದೋಷ ಇಲ್ಲ. ವಾಲ್ಥರ್ ಕಂಪನಿ 1929ರಲ್ಲಿ ಪಿಪಿ ಎಂಬ ಪಿಸ್ತೂಲು ತಂದಿತು. ನೀವು ಹೇಳುವ ಬಿಚ್ಚುವ ಕ್ರಮ ಆ ಪಿಪಿಯದ್ದೇ.

ಈಗ ಕೆಲಸಕ್ಕೆ ಬರೋಣ. ಬಿಚ್ಚುವುದಕ್ಕಿಂತ ಖಾಲಿ ಮಾಡುವುದು ದೊಡ್ಡ ಕೆಲಸ. ಅದನ್ನು ಮೊದಲು ಕಲಿಯಿರಿ.

ಮಗ ಶಾಲೆಗೆ ಹೋಗಿರುವ ಹೊತ್ತು ನೋಡಿ. ಗುಂಡುಗಳ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಮೇಜಿನ ಮೇಲೆ ಇಡಬಾರದು ಅಂತಷ್ಟೇ ಅಲ್ಲ, ಕೋಣೆಯಲ್ಲೇ ಬೇಡ. ಕುಳಿತುಕೊಳ್ಳುವಾಗ ನಳಿಗೆ ಯಾವ ಕಡೆಗೆ ಇರಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ನಿಮ್ಮಲ್ಲಿ ಜಂಬಿಟ್ಟಿಗೆಯ ದಪ್ಪ ಗೋಡೆ ಇದ್ದರೆ ಅದರ ಬುಡದ ಕಡೆಗೆ ಇರಲಿ. ತೆಳು ಸಿಮೆಂಟ್ ಇಟ್ಟಿಗೆಯ ಗೋಡೆ, ಅದರಾಚೆ ಅಡಿಗೆಮನೆ ಅಂತಾದರೆ ಆ ದಿಕ್ಕು ಬೇಡವೇ ಬೇಡ. ಬೆರಳು ಟ್ರಿಗರಿನ ಹತ್ತಿರ ಹೋಗಬಾರದು.

ಮೊದಲು ಮ್ಯಾಗಝೀನ್, ಅಂದರೆ ಹಿಡಿಯೊಳಗಿನ ಗುಂಡಿನ ಪೆಟ್ಟಿಗೆ, ತೆಗೆದು ದೂರ ಇಡಿ. ಆಮೇಲೆ ಸ್ಲೈಡ್ ಪೂರ್ತಿ ಹಿಂದಕ್ಕೆ ಎಳೆಯಿರಿ. ಈ ಕ್ರಮ ತಿರುವುಮುರುವು ಆಗಬಾರದು. ಮ್ಯಾಗಝೀನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ ಒಳಗಿದ್ದ ಗುಂಡು ಹೊರಗೆ ಹಾರುತ್ತದೆ, ಅದೇ ಏಟಿಗೆ ಇನ್ನೊಂದು ಒಳಗೆ ಹೋಗುತ್ತದೆ. ನೀವು ಖಾಲಿ ಆಯಿತು ಅಂದುಕೊಂಡು ಮ್ಯಾಗಝೀನ್ ತೆಗೆಯುತ್ತೀರಿ, ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ, ಒಂದು ಕೂತೇ ಇರುತ್ತದೆ. ಪಿಸ್ತೂಲು ಒರೆಸುವಾಗ ಗುಂಡು ಹಾರಿತು ಅನ್ನುವ ಸುದ್ದಿ ಓದಿದಾಗಲೆಲ್ಲ ನನಗೆ ಮೊದಲು ಹೊಳೆಯುವುದು ಇದೇ. ಸ್ಲೈಡ್ ಹಿಂದೆ ಹಿಡಿದುಕೊಂಡು ಚೇಂಬರ್ ಕಣ್ಣಲ್ಲಿ ನೋಡಿ. ನಂತರ ಕಿರುಬೆರಳಿನ ತುದಿ ಹಾಕಿ ಮುಟ್ಟಿ ನೋಡಿ. ಕೆಳಗೆ ಮ್ಯಾಗಝೀನಿನ ಜಾಗವೂ ಬರಿದಾಗಿದೆಯಾ ನೋಡಿ. ನಡುವೆ ಯಾರಾದರೂ ಕರೆದರು, ಫೋನ್ ಬಂತು, ಎದ್ದು ಹೋದಿರಿ ಅಂದರೆ ವಾಪಸ್ ಬಂದು ಮತ್ತೆ ಮೊದಲಿನಿಂದ ನೋಡಬೇಕು.

ಇನ್ನು ಬಿಚ್ಚುವುದು. ಟ್ರಿಗರ್ ಗಾರ್ಡನ್ನು ಕೆಳಕ್ಕೆ ಎಳೆದು ಒಂದು ಪಕ್ಕಕ್ಕೆ ಸ್ವಲ್ಪ ಒತ್ತಿ. ಅದು ಫ್ರೇಮಿನ ಅಂಚಿಗೆ ತಾಗಿ ನಿಲ್ಲುತ್ತದೆ. ಬೆರಳಲ್ಲಿ ಹಿಡಿದುಕೊಂಡೇ ಇರಿ. ಅದು ಜಾರುತ್ತಿದ್ದರೆ ಮಕ್ಕಳ ರಬ್ಬರಿನ ಒಂದು ತುಂಡನ್ನು ಗಾರ್ಡಿಗೂ ಫ್ರೇಮಿಗೂ ನಡುವೆ ಸಿಕ್ಕಿಸಿ, ನಿಮ್ಮ ಒಂದು ತೊಂದರೆ ಅಲ್ಲಿಗೇ ಮುಗಿಯಿತು. ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು, ಅದರ ಹಿಂದಿನ ತುದಿ ಮೇಲಕ್ಕೆ ಎತ್ತಿ. ಈಗ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ತಳ್ಳುತ್ತದೆ. ಬಿಡಬೇಡಿ. ಕೈಯಲ್ಲಿ ತಡೆದುಕೊಂಡೇ ನಿಧಾನ ಮುಂದಕ್ಕೆ ಜಾರಿಸಿ ತೆಗೆಯಿರಿ. ಬ್ಯಾರಲ್ಲಿನ ಮೇಲೆ ಸುತ್ತಿರುವ ಸ್ಪ್ರಿಂಗನ್ನು ಮೆಲ್ಲಗೆ ತಿರುಗಿಸುತ್ತ ಹೊರಗೆ ತನ್ನಿ.

ಇಲ್ಲಿ ಸ್ವಲ್ಪ ನಿಲ್ಲಿ. ಸ್ಪ್ರಿಂಗಿನ ಎರಡು ತುದಿ ಒಂದೇ ಥರ ಇರುವುದಿಲ್ಲ. ಒಂದು ತುದಿಯ ಸುತ್ತು ಕಿರಿದು, ಬ್ಯಾರಲ್ಲಿಗೆ ಬಿಗಿಯಾಗಿ ಕೂರುತ್ತದೆ. ವಾಪಸ್ ಹಾಕುವಾಗ ಆ ಕಿರಿದಾದ ತುದಿ ಮೊದಲು ಬ್ಯಾರಲ್ಲಿನ ಮೇಲೆ ಹೋಗಬೇಕು. ತಿರುಗಾಮುರುಗಾ ಹಾಕಿದರೆ ಸ್ಪ್ರಿಂಗ್ ವಾರೆಯಾಗುತ್ತದೆ, ಸುತ್ತು ಬಾಗುತ್ತದೆ. ನಿಮ್ಮದು ಇದೇ ಇರಬಹುದು. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

ಮನೆಯಲ್ಲಿ ಇಷ್ಟೇ ಬಿಚ್ಚಬೇಕು. ಫೈರಿಂಗ್ ಪಿನ್, ಹ್ಯಾಮರ್, ಟ್ರಿಗರಿನ ಒಳಭಾಗಕ್ಕೆ ಕೈ ಹಾಕಬೇಡಿ. ಸ್ಲೈಡ್ ಇಲ್ಲದಿರುವಾಗ ಟ್ರಿಗರ್ ಎಳೆಯಲೂ ಬೇಡಿ. ಹ್ಯಾಮರ್ ಹೋಗಿ ಫ್ರೇಮಿಗೆ ಬಡಿದು ಅಂಚು ಹಾಳಾಗುತ್ತದೆ.

ಜೋಡಿಸುವಾಗ ನಳಿಗೆಯ ಬಾಯಿ ಸ್ಲೈಡಿನ ಮುಂದಿನ ತೂತಿಗೆ ಸರಿಯಾಗಿ ಹೊಕ್ಕಿದೆಯಾ, ಸ್ಪ್ರಿಂಗ್ ಪೂರ್ತಿ ಒಳಗಿದೆಯಾ ನೋಡಿ. ಸ್ಲೈಡ್ ಕೊನೆಯವರೆಗೆ ಹಿಂದಕ್ಕೆ ಬಂದ ಮೇಲೆ ಮಾತ್ರ ಹಿಂಭಾಗ ಕೆಳಕ್ಕೆ ಒತ್ತಿ. ಅರ್ಧದಲ್ಲಿ ಒತ್ತಿದರೆ ಕೂರುವುದಿಲ್ಲ. ಬಲ ಹಾಕಬೇಕು ಅನ್ನಿಸಿದರೆ ಎಲ್ಲೋ ತಪ್ಪಿದೆ ಅಂತ ಅರ್ಥ, ತೆಗೆದು ಮತ್ತೆ ಹಾಕಿ. ಕೂತ ಮೇಲೆ ಗಾರ್ಡನ್ನು ಮೇಲಕ್ಕೆ ಬಿಡಿ. ಮ್ಯಾಗಝೀನ್ ಇಲ್ಲದೆ ಸ್ಲೈಡ್ ಕೆಲವು ಸಲ ಎಳೆದು ನೋಡಿ, ಸರಾಗ ಓಡಬೇಕು. ಸೇಫ್ಟಿಯೂ ಕೆಲಸ ಮಾಡುತ್ತಿದೆಯಾ ನೋಡಿ.

ಕುಮಟಾ ಕೆಡೆಟ್:

ಸರ್, ಎಷ್ಟು ಚೆನ್ನಾಗಿ ಹೇಳಿದಿರಿ. ನಾನು ಎನ್‌ಸಿಸಿಯವಳು. ನಮಗೆ .22 ರೈಫಲಿನಲ್ಲಿ ಖೋಲ್ನಾ-ಜೋಡ್ನಾ, ಅಂದರೆ ಬಿಚ್ಚಿ ಜೋಡಿಸುವುದು, ಮಾಡಿಸುತ್ತಾರೆ. ಯಾವುದು ಮೊದಲು ಬಂತೋ ಅದು ಕೊನೆಗೆ ಹೋಗಬೇಕು, ಅಷ್ಟೇ. ಬಿಳಿ ಬಟ್ಟೆ ಹಾಸಿ ಎಡದಿಂದ ಬಲಕ್ಕೆ ಸಾಲಾಗಿ ಇಡಿ ಅಂಕಲ್. ವಾಪಸ್ ಬಲದಿಂದ ಎಡಕ್ಕೆ ಬನ್ನಿ. ಬಿಳಿ ಬಟ್ಟೆಯ ಮೇಲೆ ಒರೆಸಿದ ಕಪ್ಪು, ಕಂದು ಎಲ್ಲ ಚೆನ್ನಾಗಿ ಕಾಣುತ್ತದೆ, ತುಕ್ಕು ಶುರುವಾಗಿದೆಯಾ ಅಂತಲೂ ತಿಳಿಯುತ್ತದೆ.

ಒಂದು ಕೇಳಬೇಕಿತ್ತು ಸರ್. ನಾವು ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ಚೇಂಬರಿನ ಕಡೆಯಿಂದ ಎಳೆಯುತ್ತೇವೆ. ಬ್ಯಾರಲ್ಲು ಫ್ರೇಮಿಗೇ ಕೂತಿದ್ದರೆ ಪಿಸ್ತೂಲಿಗೆ ಹೇಗೆ?

ಬಿಣಗಾ ನಿವೃತ್ತ:

ತಂಗೀ, ಅದೇ ಸರಿಯಾದ ದಾರಿ. ಗಟ್ಟಿ ಕಡ್ಡಿ ಹಿಂದಿನಿಂದ ಹೋಗಲು ಫ್ರೇಮು ಅಡ್ಡ ಬರುತ್ತದೆ. ಹಗ್ಗಕ್ಕೆ ಆ ತೊಂದರೆ ಇಲ್ಲ. ಚೇಂಬರಿನಿಂದ ಬಾಯಿಯ ಕಡೆಗೆ ಎಳೆಯಬೇಕು. ಕಡ್ಡಿಯೇ ಇರುವುದಾದರೆ ಬಾಯಿಯಿಂದ ಹಾಕಬಹುದು, ಆದರೆ ಬಾಯಿಯ ಅಂಚಿಗೆ ಉಜ್ಜದ ಹಾಗೆ. ಆ ಅಂಚು ಸವೆದರೆ ಗುರಿ ಕೆಡುತ್ತದೆ. ಬ್ರಶ್ಶು .32 ಅಳತೆಯ ಹಿತ್ತಾಳೆ ಬಣ್ಣದ ಫಾಸ್ಫರ್ ಬ್ರಾಂಜ್ ಇರಲಿ, ಸ್ಟೀಲಿನದ್ದು ಬೇಡ. ಮಸಿ ಕರಗಿಸುವ ಸಾಲ್ವೆಂಟ್ ಹಚ್ಚಿ ಬ್ರಶ್ಶು ಎಳೆದು, ಸ್ವಲ್ಪ ಹೊತ್ತು ಬಿಟ್ಟು, ಚಿಂದಿ ಬೆಳ್ಳಗೆ ಬರುವವರೆಗೆ ಒರೆಸಿ. ಹಳೆಯ ಹತ್ತಿ ಪಂಚೆ ಹರಿದರೆ ಒಳ್ಳೆಯ ಚಿಂದಿ ಆಗುತ್ತದೆ. ಪೆಟ್ರೋಲ್ ಮುಟ್ಟಬೇಡಿ, ಬೆಂಕಿಯ ಭಯ ಒಂದು, ಪ್ಲಾಸ್ಟಿಕ್ ಹಿಡಿ ಹಾಳಾಗುವುದು ಇನ್ನೊಂದು. ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಗುಂಡು ಹಾರಿಸಿದ ಮಸಿಯಲ್ಲಿ ಸೀಸ ಇರುತ್ತದೆ.

ಕೋಡಿಬಾಗದವರ ಗಾಳಿಯ ಪ್ರಶ್ನೆಗೆ ಬರುತ್ತೇನೆ. ಕಾರವಾರಕ್ಕೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರ ಜೊತೆ ಗಾಳಿಯಲ್ಲಿ ಉಪ್ಪು. ಕಬ್ಬಿಣದ ಮೇಲೆ ಕೂತ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ. ನಮ್ಮ ಕೈಬೆವರೂ ಉಪ್ಪೇ. ಆದ್ದರಿಂದ ಪಿಸ್ತೂಲು ಮುಟ್ಟಿದ ದಿನ ಹೊರಮೈ ಒರೆಸದೆ ಇಡಬಾರದು. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಳಸದಿದ್ದರೂ ವಾರಕ್ಕೊಮ್ಮೆ ತೆಗೆದು ನೋಡಿ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಸಾಕು. ಪ್ರತಿಸಲ ಬಿಚ್ಚಬೇಕಾಗಿಲ್ಲ, ಹೊರಗಿನಿಂದ ಒರೆಸಿ ನಳಿಗೆ ನೋಡಿದರೆ ಆಯಿತು. ಗುಂಡು ಹಾರಿಸಿದ ದಿನ ಮಾತ್ರ ಅಂದೇ ಬಿಚ್ಚಬೇಕು. ನಾಳೆಗೆ ಬಿಡಬಾರದು.

ಎಣ್ಣೆ ಬಂದೂಕಿಗೆಂದೇ ಸಿಗುವ ತೆಳು ಎಣ್ಣೆ. ಸಿರ್ಸಿಯವರು ತೆಂಗಿನೆಣ್ಣೆಯ ಬಗ್ಗೆ ಹೇಳಿದ್ದು ಪೂರ್ತಿ ಸರಿ. ಸ್ಲೈಡ್ ಓಡುವ ತೋಡಿಗೆ ಒಂದೊಂದು ಹನಿ, ಬ್ಯಾರಲ್ಲಿನ ಹೊರಮೈಗೆ ಬಟ್ಟೆಯಲ್ಲಿ ತೆಳುವಾಗಿ. ಜಾಸ್ತಿ ಹಾಕಿದರೆ ಜಾಸ್ತಿ ರಕ್ಷಣೆ ಅಂತ ತಿಳಿಯಬೇಡಿ. ಹೆಚ್ಚಾದ ಎಣ್ಣೆ ಹರಿದು ಮ್ಯಾಗಝೀನಿಗೆ ಇಳಿಯುತ್ತದೆ, ಅಲ್ಲಿಂದ ಗುಂಡಿನ ತಳದಲ್ಲಿ ಕಿಡಿ ಹೊತ್ತಿಸುವ ಕೇಪಿಗೆ ಹೋಗಿ ಅದನ್ನು ಕೆಡಿಸಬಹುದು. ಬೇಕಾದ ಹೊತ್ತಿಗೆ ಹಾರುವುದಿಲ್ಲ. ಎಣ್ಣೆಗೈಯಲ್ಲಿ ಗುಂಡು ಮುಟ್ಟಬೇಡಿ.

ಕೋಡಿಬಾಗದವ:

ಹಿರಿಯರಿಗೆ ನಮಸ್ಕಾರ. ನೀವು ಬರೆದದ್ದನ್ನು ಮುಂದೆ ಇಟ್ಟುಕೊಂಡು ಇವತ್ತು ಮಾಡಿದೆ. ಕಿರಿದಾದ ತುದಿ ಮೊದಲು ಹಾಕಿದ್ದೇ ತಡ, ಸ್ಪ್ರಿಂಗ್ ನೇರ ಕೂತಿತು. ರಬ್ಬರಿನ ತುಂಡೂ ಕೆಲಸ ಮಾಡಿತು. ಬಹಳ ಉಪಕಾರ ಆಯಿತು. ಕೆಡೆಟ್ ಹೇಳಿದ ಹಾಗೆ ಬಿಳಿ ಬಟ್ಟೆ ಹಾಸಿದ್ದಕ್ಕೆ ಇನ್ನೊಂದು ಕಂಡಿತು. ಹಿಡಿಯ ಸ್ಕ್ರೂ ಹತ್ತಿರ ಒರೆಸಿದಾಗ ಬಟ್ಟೆಗೆ ಸಣ್ಣಗೆ ಕಂದು ಬಣ್ಣ ಹತ್ತಿತು. ಪಿಸ್ತೂಲನ್ನು ಅದರ ಚರ್ಮದ ಚೀಲದಲ್ಲೇ ಇಟ್ಟು ಲಾಕರಿಗೆ ಹಾಕಿದ್ದೆ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕಾಗುತ್ತದೆ, ಆಗ ಏನು ಮಾಡಬೇಕು ಅನ್ನುವುದೂ ಒಂದು ಚಿಂತೆ.

ಸಿರ್ಸಿ ತೋಟಿಗ:

ಠಾಣೆಯದ್ದು ನಾನು ಹೇಳುತ್ತೇನೆ. ಒಪ್ಪಿಸುವ ಹಿಂದಿನ ದಿನ ಪೂರ್ತಿ ಕ್ಲೀನ್ ಮಾಡಿ, ಈ ಸಲ ಮಾತ್ರ ಎಣ್ಣೆ ಕೈ ಬಿಚ್ಚಿ ಹಚ್ಚಿ, ನಳಿಗೆಯ ಒಳಗೂ. ಅಲ್ಲಿ ತಿಂಗಳುಗಟ್ಟಲೆ ಯಾರೂ ಒರೆಸುವುದಿಲ್ಲ. ರಸೀದಿ ತೆಗೆದುಕೊಳ್ಳುವಾಗ ನಂಬರ್ ತಾಳೆ ನೋಡಿ. ವಾಪಸ್ ತಂದ ದಿನವೇ ಬಿಚ್ಚಿ ಆ ಎಣ್ಣೆಯೆಲ್ಲ ತೆಗೆಯಬೇಕು, ನಳಿಗೆ ಒಣಗಿಸದೆ ಗುಂಡು ಹಾಕಲೇಬೇಡಿ.

ಬಿಣಗಾ ನಿವೃತ್ತ:

ಚರ್ಮದ ಚೀಲ ಸೊಂಟಕ್ಕೆ ಕಟ್ಟಿಕೊಂಡು ಓಡಾಡಲಿಕ್ಕೆ ಮಾತ್ರ. ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಿದ ಉಪ್ಪೂ ಅದರಲ್ಲಿ ಉಳಿದಿರುತ್ತದೆ. ಇವತ್ತೇ ಹೊರಗೆ ತೆಗೆಯಿರಿ. ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಲಾಕರಿನಲ್ಲಿ ಇಡಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬಣ್ಣ ಬದಲಾಗುವ ಜಾತಿಯದ್ದು ತಂದರೆ ತೇವ ತುಂಬಿದ್ದು ಕಣ್ಣಿಗೆ ಕಾಣುತ್ತದೆ. ಗುಂಡುಗಳಿಗೆ ಬೇರೆ ಜಾಗ, ಬೇರೆ ಬೀಗ. ಬೀಗದ ಕೈ ಮಗನಿಗೆ ಗೊತ್ತಿರುವ ಮೊಳೆಗೆ ನೇತು ಹಾಕಬೇಡಿ.

ಕಂದು ಬಣ್ಣಕ್ಕೆ ಮರಳು ಕಾಗದ ಹಚ್ಚಬೇಡಿ, ಮೇಲಿನ ಕಪ್ಪು ಲೇಪ ಹೋದರೆ ಇನ್ನೂ ಬೇಗ ತುಕ್ಕು ಬರುತ್ತದೆ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಒರಟು ಹತ್ತಿ ಬಟ್ಟೆಯಲ್ಲಿ ಉಜ್ಜಿ. ಸ್ಕ್ರೂಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇದ್ದರೆ ಮಾತ್ರ ಹಿಡಿಯ ಪಟ್ಟಿ ತೆಗೆದು ಅಡಿಯಲ್ಲಿ ನೋಡಿ. ಅಲ್ಲಿ ಗುಳಿ ಬಿದ್ದಿದ್ದರೆ ಲೈಸೆನ್ಸ್ ಇರುವ ಡೀಲರ್ ಹತ್ತಿರವೇ ಒಯ್ಯಬೇಕು. ದುರಸ್ತಿಗೂ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು, ಪರಿಚಯದ ಲೇತ್ ಅಂಗಡಿಯವನು ಎಷ್ಟೇ ಜಾಣನಾಗಿದ್ದರೂ ಅವನ ಕೈಗೆ ಕೊಡಬಾರದು. ಒಯ್ಯುವಾಗ ಲೈಸೆನ್ಸ್ ಪುಸ್ತಕ ಜೊತೆಗಿರಲಿ, ಪಿಸ್ತೂಲು ಖಾಲಿ ಇರಲಿ. ಹಿಡಿಯ ಅಡಿ ನೋಡಿದ ಮೇಲೆ ಇಲ್ಲಿ ಬರೆಯಿರಿ.