ಜನರಲ್ ತಿಮ್ಮಯ್ಯನವರು ಯಾವ ಯುದ್ಧದಲ್ಲಿ ಸತ್ತರು ಎಂದು ಮಕ್ಕಳು ಕೇಳಿದರೆ ಏನು ಹೇಳಲಿ?

ಅರಕಲಗೂಡಿನ ಟೀಚರ್:

ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಡಿಸೆಂಬರ್ 18 ಕೊಡಗಿನವರಾದ, ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯನವರು ತೀರಿಕೊಂಡ ದಿನ. ಈ ಸಲ ಅಂದು ಬೆಳಗಿನ ಪ್ರಾರ್ಥನೆಯ ನಂತರ ಅವರ ಬಗ್ಗೆ ಹತ್ತು ನಿಮಿಷ ಮಾತನಾಡಬೇಕೆಂದಿದ್ದೇನೆ. ನಮ್ಮ ಮಕ್ಕಳಿಗೆ ಕೊಡಗು ದೂರದ ನಾಡಲ್ಲ. ಎಷ್ಟೋ ಮಕ್ಕಳ ಅಜ್ಜಿಮನೆ ಕೊಡ್ಲಿಪೇಟೆ, ಶನಿವಾರಸಂತೆಯ ಕಡೆ ಇದೆ. ಆದರೂ ಅವರಿಗೆ ಗೊತ್ತಿರುವುದು ಕಾರ್ಯಪ್ಪನವರ ಹೆಸರು ಮಾತ್ರ.

ಮೊನ್ನೆ ಒಂಬತ್ತನೇ ತರಗತಿಯಲ್ಲಿ ತಿಮ್ಮಯ್ಯನವರ ಮಾತು ತೆಗೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಯಾವ ಯುದ್ಧದಲ್ಲಿ ಸತ್ತರು, ಮಿಸ್?” ಎಂದ. ಯುದ್ಧದಲ್ಲಲ್ಲ, 1965ರಲ್ಲಿ ಸೈಪ್ರಸ್ ಎಂಬ ದ್ವೀಪದಲ್ಲಿ ಹೃದಯಾಘಾತವಾಯಿತು ಎಂದೆ. “ಹಾಗಾದರೆ ಹುತಾತ್ಮರಲ್ಲ” ಎಂದು ಕುಳಿತುಬಿಟ್ಟ. ಅದರಲ್ಲಿ ಉಡಾಫೆ ಇರಲಿಲ್ಲ. ಅವನ ಚಿಕ್ಕಪ್ಪ ಸೈನ್ಯದಲ್ಲಿದ್ದಾರೆ. ಸೈನಿಕ ಎಂದರೆ ಅವನ ಕಣ್ಣಿಗೆ ಬರುವುದು ಗಡಿ, ಗುಂಡು, ಬಾವುಟ ಹೊದಿಸಿದ ಪೆಟ್ಟಿಗೆ. ಅವನಿಗೆ ಒಪ್ಪುವಂತೆ ಏನು ಹೇಳಲಿ? ಸೈನ್ಯದಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹಾಸನದ ಸ್ಯಾಪರ್ (ನಿವೃತ್ತ ಸುಬೇದಾರ್):

ನಮಸ್ಕಾರ ಮೇಡಂ. ನಾನು ಸೈನ್ಯಕ್ಕೆ ರಸ್ತೆ, ಸೇತುವೆ ಕಟ್ಟುವ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವನು. ಹಲಸೂರಿನ ನಮ್ಮ ಸೆಂಟರಿನಲ್ಲಿ ರಂಗರೂಟನಾಗಿ (ಹೊಸ ಸಿಪಾಯಿಯಾಗಿ) ಸೇರಿದ್ದು, ಮುಂದೆ ದ್ರಾಸ್ ಕಡೆಯೂ ನೌಕರಿ ಮಾಡಿದೆ. ಜನರಲ್ ಸಾಹೇಬರನ್ನು ಕಣ್ಣಾರೆ ಕಂಡವನಲ್ಲ. ನಾನು ಸೇರುವ ಹೊತ್ತಿಗೆ ಅವರು ಹೋಗಿ ಬಹಳ ವರ್ಷಗಳಾಗಿದ್ದವು. ಆದರೆ ಅವರು ತೆರೆಸಿದ ದಾರಿಯಲ್ಲಿ ಕಾನ್ವಾಯ್ ಜೊತೆ ಹೋಗಿ ಬಂದಿದ್ದೇನೆ.

ಆ ಹುಡುಗನಿಗೆ ಮೊದಲು ಜೋಜಿ ಲಾ, ಅಂದರೆ ಶ್ರೀನಗರದಿಂದ ಲೇಹ್‌ಗೆ ಹೋಗುವ ಪರ್ವತದ ಕಣಿವೆದಾರಿಯಲ್ಲಿ ನಡೆದ ಕಾಳಗದ ಕತೆ ಹೇಳಿ. ಅವನು ಕೇಳುತ್ತಿರುವುದು ಅದನ್ನೇ, ಅದನ್ನು ಕೊಡದೆ ಬೇರೆ ಮಾತಿಗೆ ಹೋದರೆ ಕಿವಿ ಮುಚ್ಚಿಕೊಳ್ಳುತ್ತಾನೆ. 1948ರಲ್ಲಿ ಕಾಶ್ಮೀರದ ಡಿವಿಷನ್ ತಿಮ್ಮಯ್ಯನವರ ಕೈಯಲ್ಲಿತ್ತು. ಕಾರ್ಗಿಲ್ ಪಾಕಿಸ್ತಾನದ ಕಡೆಯವರ ವಶವಾಗಿತ್ತು, ಲೇಹ್‌ಗೆ ರಸ್ತೆ ಕಡಿದಿತ್ತು. ಮೇ ತಿಂಗಳಲ್ಲಿ ಮೆಹರ್ ಸಿಂಗ್ ಎಂಬ ವಾಯುಪಡೆಯ ಅಧಿಕಾರಿ ಡಕೋಟಾ ವಿಮಾನವನ್ನು ಲೇಹ್‌ನ ಮರಳು ಪಟ್ಟಿಯ ಮೇಲೆ ಮೊದಲ ಸಲ ಇಳಿಸಿದಾಗ ಪಕ್ಕದಲ್ಲಿ ಕುಳಿತಿದ್ದವರು ತಿಮ್ಮಯ್ಯ. ದಾರಿ ತೋರಿಸುವ ಯಂತ್ರವಿರಲಿಲ್ಲ, ಆ ಪರ್ವತಗಳ ಸರಿಯಾದ ನಕ್ಷೆಯೂ ಇರಲಿಲ್ಲ. ಡಿವಿಷನ್ ಕಮಾಂಡರ್ ಆದವರು ಆ ವಿಮಾನ ಹತ್ತಲೇಬೇಕಾಗಿರಲಿಲ್ಲ. ಹತ್ತಿದರು.

ಸೆಪ್ಟೆಂಬರಿನಲ್ಲಿ ಕಾಲಾಳುಗಳು ಜೋಜಿ ಲಾ ಏರಲು ಹೋಗಿ ಗುಂಡಿನ ಸುರಿಮಳೆಗೆ ಹಿಂದೆ ಬರಬೇಕಾಯಿತು. ಆಮೇಲೆ ಟ್ಯಾಂಕುಗಳನ್ನು ಮೇಲಕ್ಕೆ ಒಯ್ಯುವ ನಿರ್ಧಾರವಾಯಿತು. ನಿಮ್ಮ ಮಕ್ಕಳು ಪ್ರವಾಸಕ್ಕೆ ಮುಳ್ಳಯ್ಯನಗಿರಿಗೆ ಹೋಗಿರುತ್ತಾರೆ. ಅದು 1,930 ಮೀಟರ್. ಅದರ ತುದಿಯಿಂದ ಇನ್ನೂ ಒಂದೂವರೆ ಸಾವಿರ ಮೀಟರಿಗಿಂತ ಮೇಲೆ ಇರುವ ಕಣಿವೆದಾರಿಗೆ, ಹಿಮ ಬೀಳುವ ಹೊತ್ತಿನಲ್ಲಿ, ಟ್ಯಾಂಕು! ಜಮ್ಮು ಕಡೆಯಿಂದ ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ತೋಪಿನ ಗೋಪುರ ಕಳಚಿ, ಗುರುತು ಸಿಗದಂತೆ ಮುಚ್ಚಿ ಶ್ರೀನಗರ ದಾಟಿಸಿದರು. ದಾರಿಯ ಸೇತುವೆಗಳಿಗೆ ಪೂರ್ತಿ ಭಾರ ತಡೆಯುವ ಶಕ್ತಿ ಇರಲಿಲ್ಲ. ಕಣಿವೆದಾರಿಯ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ಕಾಲುದಾರಿ. ಅದನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರಲ್ಲಿ ನಮ್ಮ ಮದ್ರಾಸ್ ಸ್ಯಾಪರ್ಸ್ ಇದ್ದರು. ಇದನ್ನು ಬರೆಯುವಾಗ ಈಗಲೂ ಎದೆ ಉಬ್ಬುತ್ತದೆ. ನವೆಂಬರ್ 1ರಂದು ಟ್ಯಾಂಕುಗಳು ನುಗ್ಗಿದವು, ಮುಂದಿನ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರಿದ್ದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೈಗೆ ಬಂದವು, ಲೇಹ್ ಉಳಿಯಿತು. ಆಗ ಮೇಲಿನಿಂದ ಇಡೀ ಕಾರ್ಯಾಚರಣೆ ನೋಡಿಕೊಳ್ಳುತ್ತಿದ್ದವರು ನಿಮ್ಮ ಮಕ್ಕಳಿಗೆ ಗೊತ್ತಿರುವ ಕಾರ್ಯಪ್ಪನವರೇ.

ಇಷ್ಟು ಹೇಳಿದ ಮೇಲೆ ಸೈಪ್ರಸ್‌ಗೆ ಬನ್ನಿ. ನನಗೆ ಅದೇ ದೊಡ್ಡ ಭಾಗ. 1961ರಲ್ಲಿ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದರು. ಬರ್ಮಾದಲ್ಲಿ ಕಾದಾಡಿ ಪದಕ ಪಡೆದವರು, ಯುದ್ಧಭೂಮಿಯಲ್ಲಿ ಬ್ರಿಗೇಡ್ ನಡೆಸಿದ ಮೊದಲ ಭಾರತೀಯ, ಇನ್ನೇನು ಸಾಧಿಸುವುದಿತ್ತು? ಆರಾಮವಾಗಿ ಮನೆಯಲ್ಲಿ ಇರಬಹುದಿತ್ತು. 1964ರಲ್ಲಿ ಸೈಪ್ರಸ್‌ನ ಶಾಂತಿಪಾಲನಾ ಪಡೆಯನ್ನು ನಡೆಸಲು ವಿಶ್ವಸಂಸ್ಥೆ ಕರೆದಾಗ, 58ನೇ ವಯಸ್ಸಿನಲ್ಲಿ ಮತ್ತೆ ಸಮವಸ್ತ್ರ ತೊಟ್ಟು ಹೊರಟರು. ಅಲ್ಲಿ ಗ್ರೀಕರು ಮತ್ತು ತುರ್ಕರು ಒಬ್ಬರ ಊರಿಗೆ ಒಬ್ಬರು ಬಂದೂಕು ಹಿಡಿದು ಕುಳಿತಿದ್ದರು. ಅವರು ಹೋದ ಮರುತಿಂಗಳೇ ತುರ್ಕಿಯ ವಿಮಾನಗಳು ದ್ವೀಪದ ಮೇಲೆ ಬಾಂಬು ಹಾಕಿದವು. ಅಲ್ಲಿ ಯಾರನ್ನೂ ಸೋಲಿಸುವ ಹಾಗಿಲ್ಲ. ಇಬ್ಬರ ನಡುವೆ ನಿಂತು ಇಬ್ಬರ ಬೈಗುಳವನ್ನೂ ಕೇಳಬೇಕು, ಇಬ್ಬರ ಹೆಣವೂ ಬೀಳದಂತೆ ನೋಡಿಕೊಳ್ಳಬೇಕು. ಗುಂಡು ಹಾರಿಸುವುದಕ್ಕಿಂತ ಹಾರಿಸದೆ ನಿಲ್ಲುವುದು ಎಷ್ಟು ಕಷ್ಟ ಎಂದು ಬಂದೂಕು ಹಿಡಿದವನಿಗೆ ಗೊತ್ತು. ಅವನ ಚಿಕ್ಕಪ್ಪನನ್ನು ಕೇಳಲಿ, ಅವರೂ ಇದನ್ನೇ ಹೇಳುತ್ತಾರೆ. ಆ ಕೆಲಸದಲ್ಲಿ ಇರುವಾಗಲೇ ಪ್ರಾಣ ಹೋಯಿತು. ನಮ್ಮಲ್ಲಿ ಅದನ್ನು ಡ್ಯೂಟಿಯ ಮೇಲೆ ಹೋದರು ಎನ್ನುತ್ತಾರೆ. ಗುಂಡು ತಗುಲಿ ಹೋದವರಿಗೂ ಅದೇ ಮಾತು, ಇವರಿಗೂ ಅದೇ ಮಾತು. ಸಲ್ಯೂಟ್‌ನಲ್ಲಿ ವ್ಯತ್ಯಾಸವಿಲ್ಲ.

ಚಿಕ್ಕಮಗಳೂರಿನ ವಕೀಲ:

ಸುಬೇದಾರ್ ಸಾಹೇಬರು ಬರೆದದ್ದಕ್ಕೆ ಎರಡು ಸಂಗತಿ ಸೇರಿಸುತ್ತೇನೆ. ಒಂದು, ಕೊರಿಯಾ. 1953ರಲ್ಲಿ ಯುದ್ಧ ನಿಂತ ಮೇಲೆ ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಏನು ಮಾಡಬೇಕೆಂಬುದೇ ದೊಡ್ಡ ಜಗಳವಾಗಿತ್ತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಕುಳಿತಿದ್ದ ಆಯೋಗಕ್ಕೆ ಭಾರತದ ಪರವಾಗಿ ತಿಮ್ಮಯ್ಯನವರು ಅಧ್ಯಕ್ಷರು. ಯಾರನ್ನೂ ಬಲವಂತವಾಗಿ ಕಳುಹಿಸಬಾರದು, ಬಲವಂತವಾಗಿ ತಡೆಯಲೂಬಾರದು. ಸೈಪ್ರಸ್‌ಗೆ ಅವರನ್ನೇ ಕರೆದದ್ದು ಏಕೆ ಎಂಬುದು ಇದರಿಂದ ಮಕ್ಕಳಿಗೆ ತಿಳಿಯುತ್ತದೆ.

ಎರಡನೆಯದು, 1959ರ ರಾಜೀನಾಮೆ. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗೆ ಹೊಂದಾಣಿಕೆಯಾಗದೆ ರಾಜೀನಾಮೆ ಕೊಟ್ಟು, ನೆಹರೂ ಅವರ ಮಾತಿಗೆ ಹಿಂಪಡೆದರು. ಇದನ್ನು ಬಿಟ್ಟು ತಿಮ್ಮಯ್ಯನವರನ್ನು ಹೇಳುವುದು ಅರ್ಧ ಮನುಷ್ಯನನ್ನು ಹೇಳಿದಂತೆ ಎಂದು ನನಗೆ ಅನ್ನಿಸುತ್ತದೆ. ಸೈನ್ಯ ಚುನಾಯಿತ ಸರ್ಕಾರದ ಮಾತು ಕೇಳಬೇಕು ಎಂಬುದನ್ನು ಪೌರನೀತಿಯಲ್ಲಿ ಹೇಗೂ ಕಲಿಸುತ್ತೀರಿ. ಹಾಗೆ ಕೇಳುತ್ತಲೇ ಅಸಮ್ಮತಿಯನ್ನು ಹೇಗೆ ತಿಳಿಸಬಹುದು ಎಂಬುದಕ್ಕೆ ಇದು ಉದಾಹರಣೆ.

ಹಾಸನದ ಸ್ಯಾಪರ್:

ವಕೀಲರೇ, ಕೊರಿಯಾ ಒಪ್ಪಿದೆ. ರಾಜೀನಾಮೆಯನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಂತ ಎಂಟನೇ ತರಗತಿಯವರಿಗೆ ಹೇಳುವುದು ಬೇಡ. ಎರಡೂ ಕಡೆಯ ಮಾತು ಹೇಳದೆ ಅದು ಮುಗಿಯುವುದಿಲ್ಲ, ಹತ್ತು ನಿಮಿಷದಲ್ಲಿ ಒಬ್ಬರನ್ನು ಖಳನನ್ನಾಗಿ ಮಾಡಿ ಬಿಡುತ್ತೇವೆ. ಹತ್ತನೇ ತರಗತಿಗೆ ಬೇರೆಯಾಗಿ ಒಂದು ಅವಧಿ ಇಟ್ಟುಕೊಳ್ಳಲಿ.

ಮೂಡಿಗೆರೆಯ ಬೆಳೆಗಾರ್ತಿ:

ಮೇಡಂ, ಸಾಧ್ಯವಾದರೆ ಮಡಿಕೇರಿಗೆ ಕರೆದುಕೊಂಡು ಹೋಗಿ. ಅವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಹೊರಟರೆ ಒಳ್ಳೆಯದು. ಈಗ ತೋಟದ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಇನ್ನೊಂದು, ಸೈಪ್ರಸ್ ಸರ್ಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರತಂದಿದೆ. ಅದರ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ತೋರಿಸಿ. ತಮ್ಮ ನೆಲದಲ್ಲಿ ತೀರಿಕೊಂಡ ಪರದೇಶದ ಜನರಲ್‌ಗೆ ಒಂದು ದೇಶ ಅಂಚೆಚೀಟಿ ಮಾಡಿತು ಎಂದರೆ ಆ ಹುಡುಗ ತಾನಾಗಿಯೇ ಯೋಚಿಸುತ್ತಾನೆ.

ಅರಕಲಗೂಡಿನ ಟೀಚರ್:

ಎಲ್ಲರಿಗೂ ಕೃತಜ್ಞತೆ. ಮುಖ್ಯೋಪಾಧ್ಯಾಯರು ಹತ್ತು ನಿಮಿಷವನ್ನು ಅರ್ಧ ಗಂಟೆ ಮಾಡಲು ಒಪ್ಪಿದ್ದಾರೆ. ಜೋಜಿ ಲಾ ಭಾಗವನ್ನು ಆ ಹುಡುಗನಿಗೇ ಓದಲು ಕೊಟ್ಟಿದ್ದೇನೆ, ಸೈಪ್ರಸ್ ನಾನು ಹೇಳುತ್ತೇನೆ. ಸುಬೇದಾರ್ ಸಾಹೇಬರೇ, ತಮಗೆ ಆ ದಿನ ಹಾಸನದಿಂದ ಬರಲು ಆಗುತ್ತದೆಯೇ?

ಹಾಸನದ ಸ್ಯಾಪರ್:

ಬರುತ್ತೇನೆ ಮೇಡಂ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಲಡಾಖಿನ ದೊಡ್ಡ ನಕ್ಷೆ ಶಾಲೆಯಲ್ಲಿ ಇಲ್ಲದಿದ್ದರೆ ಮೊದಲೇ ತಿಳಿಸಿ, ನನ್ನ ಬಳಿ ಇರುವುದನ್ನು ತರುತ್ತೇನೆ. ಆ ಹುಡುಗನ ಚಿಕ್ಕಪ್ಪ ರಜೆಯಲ್ಲಿ ಊರಿಗೆ ಬಂದಿದ್ದರೆ ಅವರನ್ನೂ ಕರೆಯಿರಿ.